ಓದುಗರ ಪ್ರಶ್ನೆಗೆ ಉತ್ತರ: ಬೆಂಬಲ ನಿಂತ ವಿಂಡೋಸ್‌ನಿಂದ ದುಬೈಗೆ ವಿಡಿಯೋ ಕರೆ

ಪ್ರಶ್ನೆ: ನಾನು ಬ್ರಹ್ಮಾವರದ ಹತ್ತಿರದ ಹಳ್ಳಿಯೊಂದರಲ್ಲಿರುವ ನಿವೃತ್ತ ಅಧ್ಯಾಪಿಕೆ. ಮಗಳು 2010ರಲ್ಲಿ ತೆಗೆಸಿಕೊಟ್ಟ ವಿಂಡೋಸ್ 7ರ ಕಂಪ್ಯೂಟರ್ ಈಗಲೂ ನಮ್ಮ ಚಾವಡಿಯಲ್ಲಿದೆ. ಯಜಮಾನರಿಗೆ ದೃಷ್ಟಿ ಮಂದವಾಗಿರುವುದರಿಂದ ಮೊಬೈಲಿನಲ್ಲಿ ಮೊಮ್ಮಕ್ಕಳ ಮುಖ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಮಗಳು ಕುವೈತಿನಲ್ಲಿದ್ದಾಗ ಪ್ರತಿ ಆದಿತ್ಯವಾರ ಸಂಜೆ ಕಂಪ್ಯೂಟರಿನ ಎದುರು ಕುಳಿತು ಸ್ಕೈಪ್‌ನಲ್ಲಿ ಮಾತನಾಡುತ್ತಿದ್ದೆವು. ಈಗ ಸ್ಕೈಪ್ ತೆರೆಯುವುದೇ ಇಲ್ಲ. ಅಷ್ಟರಲ್ಲಿ ಮಗಳ ಸಂಸಾರ ದುಬೈಗೆ ಹೋಗಿದೆ. ಅಲ್ಲಿಂದ ವಾಟ್ಸ್‌ಆ್ಯಪ್‌ನಲ್ಲಿ ಕರೆದರೆ ರಿಂಗ್ ಆಗುತ್ತದೆ, ಮಾತು ಕೇಳುವುದಿಲ್ಲ. ಪೇಟೆಯ ಕಂಪ್ಯೂಟರ್ ರಿಪೇರಿಯ ಹುಡುಗ, ವಿಂಡೋಸ್ 7ಕ್ಕೆ ಹೊಂದುವ ಹಳೆಯ ಆವೃತ್ತಿಯ ಕರೆ ಸಾಫ್ಟ್‌ವೇರನ್ನು ಎಲ್ಲಿಂದಲೋ ಇಳಿಸಿ ಹಾಕಿಕೊಡುತ್ತೇನೆ ಎನ್ನುತ್ತಾನೆ. ಇನ್ನೊಬ್ಬರು ಕಂಪ್ಯೂಟರನ್ನೇ ಗುಜರಿಗೆ ಕೊಟ್ಟುಬಿಡಿ ಎನ್ನುತ್ತಾರೆ. ಆದರೆ ಯಜಮಾನರು ಇಷ್ಟು ವರ್ಷ ‘ನುಡಿ’ ಎಂಬ ಕನ್ನಡ ಸಾಫ್ಟ್‌ವೇರಿನ ಹಳೆಯ ಅಕ್ಷರದಲ್ಲಿ ಬೆರಳಚ್ಚು ಮಾಡಿಟ್ಟ ಯಕ್ಷಗಾನ ಪ್ರಸಂಗಗಳೆಲ್ಲ ಅದರಲ್ಲೇ ಇವೆ. ಕರೆಂಟು ಹೋಗಿ ಬಂದಾಗಲೆಲ್ಲ ತಾರೀಕು 2010ರ ಜನವರಿ 1ಕ್ಕೆ ಹೋಗುತ್ತದೆ, ಹೆಚ್ಚಿನ ವೆಬ್‌ಸೈಟುಗಳು ಸಂಪರ್ಕ ಸುರಕ್ಷಿತವಲ್ಲ ಎನ್ನುತ್ತವೆ. ನಾವೇನು ಮಾಡಬೇಕು?

ಉತ್ತರ: ಟೀಚರೇ, ನಿಮ್ಮ ಪತ್ರದಲ್ಲಿ ನಾಲ್ಕು ತೊಂದರೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ, ಮತ್ತು ಅವುಗಳಲ್ಲಿ ಒಂದು ಮಾತ್ರ ನಿಜವಾಗಿ ವಿಂಡೋಸ್ 7ರದ್ದು. ಎಲ್ಲವನ್ನೂ ಹಳೆಯ ಕಂಪ್ಯೂಟರಿನ ತಲೆಗೆ ಕಟ್ಟಿದರೆ ಹೊಸದನ್ನು ಕೊಂಡ ಮೇಲೂ ಮೊಮ್ಮಕ್ಕಳ ಧ್ವನಿ ಕೇಳಿಸದೆ ಹೋಗಬಹುದು. ಆದ್ದರಿಂದ ಒಂದೊಂದನ್ನೇ ಬಿಡಿಸಿ ನೋಡೋಣ.

ಮೊದಲನೆಯದು ಸ್ಕೈಪ್. ಎಸ್ಟೋನಿಯಾದ ಪ್ರೋಗ್ರಾಮರುಗಳು ಬರೆದು 2003ರಲ್ಲಿ ಹೊರಬಂದ ಈ ಸಾಫ್ಟ್‌ವೇರನ್ನು 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರಿಗೆ ಕೊಂಡಿತ್ತು. 2025ರ ಮೇ 5ರಂದು ಅದೇ ಕಂಪನಿ ಸೇವೆಯನ್ನು ಮುಚ್ಚಿ, ಬಳಕೆದಾರರಿಗೆ ತನ್ನದೇ ಇನ್ನೊಂದು ಕರೆ ಸೇವೆಯಾದ ಟೀಮ್ಸ್ ಕಡೆಗೆ ದಾರಿ ತೋರಿಸಿತು. ನಿಮ್ಮ ಕಂಪ್ಯೂಟರಿನಲ್ಲಿ ಸ್ಕೈಪ್‌ನ ಚಿತ್ರ ಈಗಲೂ ಕಾಣುತ್ತಿರಬಹುದು, ಆದರೆ ಎಕ್ಸ್‌ಚೇಂಜನ್ನೇ ಮುಚ್ಚಿದ ಮೇಲೆ ಮನೆಯ ರಿಸೀವರ್ ಎತ್ತಿದರೆ ಡಯಲ್ ಟೋನ್ ಬರುವುದಿಲ್ಲವಷ್ಟೆ. ಯಾವ ಆವೃತ್ತಿಯನ್ನು ಹಾಕಿದರೂ, ಯಾವ ಕಂಪ್ಯೂಟರಿನಲ್ಲಿ ಹಾಕಿದರೂ ಅದು ಇನ್ನು ನಡೆಯದು. ಅದನ್ನು ತೆಗೆದುಹಾಕಿ.

ಎರಡನೆಯದು ದುಬೈ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಅಂತರ್ಜಾಲದ ಮೂಲಕ ಧ್ವನಿ ಕರೆ ಮಾಡುವುದಕ್ಕೆ ಅಲ್ಲಿನ ದೂರಸಂಪರ್ಕ ನಿಯಂತ್ರಕರ ಅನುಮತಿ ಇರುವ ಸೇವೆಗಳನ್ನು ಮಾತ್ರ ಬಳಸಬೇಕೆಂಬ ನಿಯಮವಿದೆ. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ, ಫೋಟೋ, ಧ್ವನಿ ಮುದ್ರಿಕೆಗಳೆಲ್ಲ ಹೋಗುತ್ತವೆ, ಕರೆಗೆ ಮಾತ್ರ ತಡೆ. ರಿಂಗ್ ಆಗಿಯೂ ಮಾತು ಕೇಳದಿರುವುದಕ್ಕೆ ಕಾರಣ ಅದೇ. ಇದರಲ್ಲಿ ನಿಮ್ಮ ಫೋನಿನದಾಗಲಿ ಕಂಪ್ಯೂಟರಿನದಾಗಲಿ ತಪ್ಪೇನೂ ಇಲ್ಲ. ಅನುಮತಿ ಪಡೆದ ಸೇವೆಗಳಲ್ಲಿ ಬೋಟಿಮ್, ಜೂಮ್, ಮೈಕ್ರೋಸಾಫ್ಟ್ ಟೀಮ್ಸ್ ಇವೆ. ವಿಪಿಎನ್ (ನಾವು ಎಲ್ಲಿಂದ ಸಂಪರ್ಕಿಸುತ್ತಿದ್ದೇವೆ ಎನ್ನುವುದನ್ನು ಮರೆಮಾಚುವ ಸಾಫ್ಟ್‌ವೇರ್) ಹಾಕಿಕೊಂಡರೆ ವಾಟ್ಸ್‌ಆ್ಯಪ್ ಕರೆಯೂ ಹೋಗುತ್ತದೆ ಎಂದು ಮಗಳಿಗೆ ಯಾರಾದರೂ ಹೇಳಿಯೇ ಇರುತ್ತಾರೆ. ಅಪರಾಧವೆನಿಸುವ ಕೆಲಸಕ್ಕಾಗಿ ಕಂಪ್ಯೂಟರಿನ ನಿಜವಾದ ವಿಳಾಸವನ್ನು ಮರೆಮಾಚುವುದಕ್ಕೆ ಆ ದೇಶದ ಸೈಬರ್ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಅಲ್ಲಿ ದುಡಿಯುತ್ತಿರುವವರು ಆ ಅಪಾಯದ ಹತ್ತಿರಕ್ಕೂ ಹೋಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಕರೆಯ ಸೇವೆಯನ್ನು ಆರಿಸುವಾಗ ಬ್ರಹ್ಮಾವರದಲ್ಲಿ ಏನು ನಡೆಯುತ್ತದೆ ಎನ್ನುವುದಕ್ಕಿಂತ ದುಬೈಯಲ್ಲಿ ಏನು ನಡೆಯುತ್ತದೆ ಎನ್ನುವುದನ್ನು ಮೊದಲು ನೋಡಬೇಕು.

ಮೂರನೆಯದು ತಾರೀಕಿನದು, ಎಲ್ಲಕ್ಕಿಂತ ಸುಲಭವಾಗಿ ಸರಿಯಾಗುವಂಥದ್ದು. ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬಟನ್ ಸೆಲ್ ಇರುತ್ತದೆ; ಕರೆಂಟು ಇಲ್ಲದಿರುವಾಗಲೂ ಗಡಿಯಾರ ನಡೆಯುವುದು ಅದರಿಂದ. ಹದಿನೈದು ವರ್ಷಗಳಲ್ಲಿ ಅದು ಪೂರ್ತಿ ಸತ್ತಿದೆ, ಹಾಗಾಗಿ ಪ್ರತಿ ಸಲ ಕಂಪ್ಯೂಟರ್ ತಾನು ಹುಟ್ಟಿದ ದಿನಕ್ಕೆ ಮರಳುತ್ತದೆ. ಇದಕ್ಕೂ ವೆಬ್‌ಸೈಟಿನ ದೂರಿಗೂ ನೇರ ಸಂಬಂಧವಿದೆ. ಸುರಕ್ಷಿತವಾದ ಪ್ರತಿಯೊಂದು ವೆಬ್‌ಸೈಟು ತನ್ನ ಗುರುತಿಗಾಗಿ ಒಂದು ಪ್ರಮಾಣಪತ್ರವನ್ನು ತೋರಿಸುತ್ತದೆ, ಅದರಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಊರ್ಜಿತ ಎಂದು ಬರೆದಿರುತ್ತದೆ. ಈ ವರ್ಷ ಕೊಟ್ಟ ಪ್ರಮಾಣಪತ್ರವನ್ನು 2010ರಲ್ಲಿ ಕುಳಿತಿರುವ ಕಂಪ್ಯೂಟರ್ ನೋಡಿದರೆ ಅದು ಇನ್ನೂ ಹುಟ್ಟದೇ ಇರುವ ಕಾಗದ; ಒಪ್ಪದೇ ಇರುವುದೇ ಸರಿಯಾದ ನಡತೆ. ಜೂಮ್ ಆಗಲಿ ಟೀಮ್ಸ್ ಆಗಲಿ ಕರೆಗೆ ಮೊದಲು ಇದೇ ಪರೀಕ್ಷೆಯನ್ನು ಮಾಡುವುದರಿಂದ ತಾರೀಕು ತಪ್ಪಿದ ಕಂಪ್ಯೂಟರಿನಲ್ಲಿ ಕರೆ ಕೂಡಿಕೊಳ್ಳುವುದೇ ಇಲ್ಲ. ಸಿಆರ್2032 ಎಂಬ 3 ವೋಲ್ಟಿನ ಸೆಲ್ ವಾಚು ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಡಬ್ಬದ ಪಕ್ಕದ ಮುಚ್ಚಳ ತೆಗೆದು, ಹಳೆಯದನ್ನು ಉಗುರಿನಿಂದ ಎಬ್ಬಿಸಿ, ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಒತ್ತಿದರೆ ಆಯಿತು. ಆಮೇಲೆ ತಾರೀಕು, ಗಂಟೆಗಳನ್ನು ಒಮ್ಮೆ ಸರಿಯಾಗಿ ಇಡಿ. ನಿಮ್ಮ ವೆಬ್‌ಸೈಟುಗಳಲ್ಲಿ ಅರ್ಧದಷ್ಟಾದರೂ ಆ ಕ್ಷಣದಿಂದಲೇ ತೆರೆದುಕೊಳ್ಳುತ್ತವೆ ಎಂದುಕೊಂಡಿದ್ದೇನೆ.

ಈಗ ನಾಲ್ಕನೆಯದು, ವಿಂಡೋಸ್ 7. ಮೈಕ್ರೋಸಾಫ್ಟ್ ಇದಕ್ಕೆ 2020ರ ಜನವರಿ 14ರಂದು ಬೆಂಬಲ ನಿಲ್ಲಿಸಿತು. ದುಡ್ಡು ಕೊಟ್ಟ ಸಂಸ್ಥೆಗಳಿಗೆ 2023ರ ಜನವರಿಯವರೆಗೆ ಸುರಕ್ಷತಾ ತಿದ್ದುಪಡಿಗಳನ್ನು ಕೊಟ್ಟು ಅದನ್ನೂ ಮುಗಿಸಿತು. ಬೆಂಬಲ ನಿಲ್ಲುವುದೆಂದರೆ ಕಂಪ್ಯೂಟರ್ ಕೆಡುವುದಲ್ಲ. ಯಜಮಾನರು ನಾಳೆಯೂ ಅದರಲ್ಲಿ ಪ್ರಸಂಗ ಬರೆಯಬಹುದು, ಪ್ರಿಂಟ್ ತೆಗೆಯಬಹುದು. ಆದರೆ ಅದರೊಳಗೆ ಹೊಸದಾಗಿ ಒಂದು ಬಿರುಕು ಪತ್ತೆಯಾದರೆ ಮುಚ್ಚುವವರು ಯಾರೂ ಇಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಹುಳು ಲೋಕದಾದ್ಯಂತ ಹಬ್ಬಿದಾಗ ಬಲಿಯಾದದ್ದರಲ್ಲಿ ಹೆಚ್ಚಿನವು ವಿಂಡೋಸ್ 7ರ ಕಂಪ್ಯೂಟರುಗಳೇ. ಆಗ ಅದಕ್ಕೆ ಬೆಂಬಲ ಇತ್ತು, ತಿದ್ದುಪಡಿ ಎರಡು ತಿಂಗಳ ಹಿಂದೆಯೇ ಬಂದಿತ್ತು, ಹಾಕಿಕೊಳ್ಳದವರು ಮಾತ್ರ ಸಿಕ್ಕಿಬಿದ್ದರು. ಇಂದು ಅಂಥದ್ದೇ ಒಂದು ಬಂದರೆ ಹಾಕಿಕೊಳ್ಳಲು ತಿದ್ದುಪಡಿಯೇ ಇರುವುದಿಲ್ಲ.

ಬೆರಳಚ್ಚಿನ ಸಾಫ್ಟ್‌ವೇರಿಗೂ ಕರೆಯ ಸಾಫ್ಟ್‌ವೇರಿಗೂ ಇರುವ ಒಂದು ವ್ಯತ್ಯಾಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಉತ್ತರವೆಲ್ಲ ನಿಂತಿರುವುದು ಅದರ ಮೇಲೆ. ನುಡಿಯಂಥ ಸಾಫ್ಟ್‌ವೇರ್ ನೀವು ಒತ್ತಿದ ಕೀಲಿಗೆ ಮಾತ್ರ ಓಗೊಡುತ್ತದೆ, ಹೊರಗಿನವರ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ. ಕರೆಯ ಸಾಫ್ಟ್‌ವೇರಿನ ಕೆಲಸವೇ ಹೊರಗಿನಿಂದ ಬರುವುದನ್ನು ಕಾಯುವುದು. ಯಾರೋ ಕರೆದಾಗ, ನೀವು ಕರೆಯನ್ನು ಎತ್ತುವ ಮೊದಲೇ, ಆ ಕಡೆಯಿಂದ ಬಂದ ಮಾಹಿತಿಯ ಪೊಟ್ಟಣಗಳನ್ನು ಅದು ಬಿಡಿಸಿ ಓದಬೇಕಾಗುತ್ತದೆ. ಓದುವುದರಲ್ಲಿ ಒಂದು ತಪ್ಪಿದ್ದರೆ ಆ ಪೊಟ್ಟಣದಲ್ಲೇ ವಿಷ ತುಂಬಿ ಕಳಿಸಬಹುದು. ಇದು ಕಲ್ಪನೆಯಲ್ಲ. 2019ರಲ್ಲಿ ವಾಟ್ಸ್‌ಆ್ಯಪ್‌ನ ಕರೆಯ ಭಾಗದಲ್ಲಿದ್ದ ಇಂಥದೇ ದೋಷವನ್ನು ಬಳಸಿ, ಬರೀ ಒಂದು ಕರೆ ಕೊಟ್ಟು, ಎತ್ತದಿದ್ದರೂ ಸರಿಯೇ, ಸುಮಾರು 1,400 ಮಂದಿಯ ಫೋನುಗಳ ಮೇಲೆ ಪೆಗಾಸಸ್ ಎಂಬ ಗೂಢಚಾರ ಸಾಫ್ಟ್‌ವೇರಿನ ದಾಳಿ ನಡೆಯಿತು. ಗುರಿಯಾದವರಲ್ಲಿ ಭಾರತೀಯರೂ ಇದ್ದರು. ಆ ವರ್ಷದ ಮೇ ತಿಂಗಳಲ್ಲಿ ಹೊಸ ಆವೃತ್ತಿ ಬಂದು ಆ ಬಿರುಕು ಮುಚ್ಚಿತು. ಆ ದಾಳಿ ಸಾಮಾನ್ಯ ಮನೆಗಳ ಮೇಲೆ ನಡೆದದ್ದಲ್ಲ ಎಂಬುದು ನಿಜ, ಆದರೆ ಕರೆಯ ಸಾಫ್ಟ್‌ವೇರನ್ನು ಹಳೆಯ ಆವೃತ್ತಿಯಲ್ಲೇ ನಿಲ್ಲಿಸಿಡುವುದು ಏಕೆ ಅಪಾಯ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಆದ್ದರಿಂದ ರಿಪೇರಿಯ ಹುಡುಗನ ಸಲಹೆಗೆ ಒಪ್ಪಬೇಡಿ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾನು. ಆದರೆ ಕಂಪನಿ ತಾನೇ ಹಿಂತೆಗೆದುಕೊಂಡ ಹಳೆಯ ಆವೃತ್ತಿಗಳು ಸಿಗುವುದು ಮೂರನೆಯವರ ತಾಣಗಳಲ್ಲಿ, ಮತ್ತು ಅಲ್ಲಿ ಅವುಗಳ ಜೊತೆ ಇನ್ನೇನು ಸೇರಿಸಿದ್ದಾರೆ ಎಂದು ತಿಳಿಯುವುದು ಕಷ್ಟ. ಕಾರ್ಕಳದ ನಮ್ಮ ಸಂಬಂಧಿಕರ ಮನೆಯ ಲ್ಯಾಪ್‌ಟಾಪಿಗೆ ಹೀಗೆ ಹಾಕಿದ ಒಂದು ಇನ್‌ಸ್ಟಾಲರ್ ಕರೆಯ ಸಾಫ್ಟ್‌ವೇರನ್ನೇನೋ ತಂದಿತು. ಅದರೊಟ್ಟಿಗೆ ಬ್ರೌಸರಿನ ಮುಖಪುಟವನ್ನು ಬದಲಾಯಿಸುವ, ತಾಸಿಗೊಮ್ಮೆ ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಎಂದು ಕಿರುಚುವ ಇನ್ನೆರಡನ್ನೂ ತಂದಿತ್ತು. ಮನೆಯಲ್ಲಿ ಒಬ್ಬರೇ ಇದ್ದ ಹಿರಿಯರು ಆ ನಂಬರಿಗೆ ಫೋನ್ ಮಾಡುವುದೊಂದೇ ಬಾಕಿ ಇತ್ತು. ಅಷ್ಟು ಮಾಡಿಯೂ ಎಷ್ಟೋ ಸಲ ಕರೆ ಸಾಗುವುದಿಲ್ಲ: ಕಂಪನಿಯ ಸರ್ವರ್ ಕರೆಯ ಸಾಫ್ಟ್‌ವೇರಿನ ಆವೃತ್ತಿಯನ್ನು ಕೇಳಿ, ಹಳೆಯದಾದರೆ ಬಾಗಿಲಿನಲ್ಲೇ ತಿರುಗಿಸಿ ಕಳಿಸುತ್ತದೆ.

ಹಾಗಾದರೆ ಬರುವ ಆದಿತ್ಯವಾರಕ್ಕೆ ಏನು ಮಾಡುವುದು? ಸೆಲ್ ಬದಲಾಯಿಸಿದ ಮೇಲೆ ಬ್ರೌಸರಿನ ಒಳಗಿನಿಂದಲೇ ಕರೆ ಮಾಡಿ. ಈಗಿನ ಬ್ರೌಸರುಗಳು ಮೈಕ್, ಕ್ಯಾಮೆರಾಗಳನ್ನು ತಾವೇ ನಿಭಾಯಿಸಬಲ್ಲವು, ಪ್ರತ್ಯೇಕ ಸಾಫ್ಟ್‌ವೇರ್ ಬೇಕಿಲ್ಲ. ಕ್ರೋಮ್ ವಿಂಡೋಸ್ 7ಕ್ಕೆ 109ನೇ ಆವೃತ್ತಿಯಲ್ಲೇ, ಅಂದರೆ 2023ರ ಆರಂಭದಲ್ಲೇ, ನಿಂತುಹೋಯಿತು, ಅದನ್ನು ಬಳಸಬೇಡಿ. ಫೈರ್‌ಫಾಕ್ಸ್ ತನ್ನ 115ನೇ ಆವೃತ್ತಿಯ ದೀರ್ಘಾವಧಿ ಮಾಲಿಕೆಗೆ ವಿಂಡೋಸ್ 7ರಲ್ಲೂ ಸುರಕ್ಷತಾ ತಿದ್ದುಪಡಿ ಕೊಡುವ ಗಡುವನ್ನು ಹಲವು ಬಾರಿ ಮುಂದಕ್ಕೆ ಹಾಕುತ್ತ ಬಂದಿದೆ. ಅದನ್ನು ತಯಾರಿಸುವ ಮೊಜಿಲ್ಲದ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಫೈರ್‌ಫಾಕ್ಸ್‌ನ ಇನ್ನೊಂದು ಅನುಕೂಲವೆಂದರೆ ನಂಬಬಹುದಾದ ಪ್ರಮಾಣಪತ್ರಗಳ ಪಟ್ಟಿಯನ್ನು ಅದು ತನ್ನ ಜೊತೆಗೇ ತರುತ್ತದೆ, ವಿಂಡೋಸ್ 7ರ ಹಳಸಿದ ಪಟ್ಟಿಯನ್ನು ನೆಚ್ಚಿಕೊಳ್ಳುವುದಿಲ್ಲ. ನಿಮ್ಮಲ್ಲಿ ಮೊದಲೇ ಒಂದು ಹಳೆಯ ಫೈರ್‌ಫಾಕ್ಸ್ ಇದ್ದರೆ ಅದು ಸಾಲದು, 115.13ಕ್ಕಿಂತ ಹಿಂದಿನದರೊಳಗಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ 2025ರ ಮಾರ್ಚ್ 14ಕ್ಕೆ ಮುಗಿದಿದೆ.

ಮಗಳು ದುಬೈಯಲ್ಲಿ ಜೂಮ್‌ನ ಉಚಿತ ಖಾತೆ ತೆರೆದು, ಒಂದು ಮೀಟಿಂಗ್ ಮಾಡಿ, ಅದರ ಕೊಂಡಿಯನ್ನು ನಿಮಗೆ ಇಮೇಲಿನಲ್ಲಿ ಕಳಿಸಲಿ. ಕೊಂಡಿಯನ್ನು ಒತ್ತಿದಾಗ ಜೂಮ್ ಮೊದಲು ತನ್ನ ಸಾಫ್ಟ್‌ವೇರನ್ನು ಇಳಿಸಿಕೊಳ್ಳಿ ಎನ್ನುತ್ತದೆ. ಅದನ್ನು ಬಿಟ್ಟು ಕೆಳಗೆ ಸಣ್ಣ ಅಕ್ಷರದಲ್ಲಿರುವ, ಬ್ರೌಸರಿನಿಂದಲೇ ಸೇರಿಕೊಳ್ಳುವ ಸಾಲನ್ನು ಒತ್ತಿ. ಮೈಕಿಗೂ ಕ್ಯಾಮೆರಾಕ್ಕೂ ಅನುಮತಿ ಕೇಳಿದಾಗ ಒಪ್ಪಿಗೆ ಕೊಡಿ. ಉಚಿತ ಖಾತೆಯ ಕರೆ 40 ನಿಮಿಷಕ್ಕೆ ಕಡಿದುಹೋಗುತ್ತದೆ. ಮಗಳು ಮತ್ತೆ ಆರಂಭಿಸಿದರೆ ಮುಂದುವರಿಸಬಹುದು. ಬ್ರೌಸರ್ ಹಳೆಯದಾಯಿತು ಎಂಬ ಎಚ್ಚರಿಕೆ ಕಾಣಿಸಿಕೊಳ್ಳಬಹುದು, ಮುಂದೊಂದು ದಿನ ಈ ದಾರಿಯೂ ಮುಚ್ಚಬಹುದು. ಇದನ್ನು ಕೆಲವು ತಿಂಗಳ ಏರ್ಪಾಡು ಎಂದೇ ತಿಳಿಯಿರಿ. ಈ ಅವಧಿಯಲ್ಲಿ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ, ಒಟಿಪಿ, ಪಾಸ್‌ವರ್ಡ್‌ಗಳನ್ನು ಬರೆದಿಡಬೇಡಿ.

ಮಾತು ತುಂಡು ತುಂಡಾಗಿ ಕೇಳಿಸಿದರೆ ಇಂಟರ್‌ನೆಟ್ ವೇಗ ಸಾಲದು ಎಂದು ಎಲ್ಲರೂ ಪ್ಯಾಕೇಜ್ ಹೆಚ್ಚಿಸುತ್ತಾರೆ. ಧ್ವನಿಗೆ ವೇಗ ಬೇಕಾಗುವುದು ಬಹಳ ಕಡಿಮೆ. ನಾವಾಡುವ ಮಾತನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ತುಂಡುಗಳಂತೆ ಕತ್ತರಿಸಿ ಕಳಿಸಲಾಗುತ್ತದೆ, ಅವು ಸಮನಾದ ಅಂತರದಲ್ಲಿ ತಲುಪಬೇಕು. ತಡವಾಗಿ ಬಂದ ತುಂಡನ್ನು ಕಾಯದೆ ಎಸೆಯಲಾಗುತ್ತದೆ, ಏಕೆಂದರೆ ಮಾತು ಮುಂದಕ್ಕೆ ಹೋಗಿರುತ್ತದೆ. ಹಾಗಾಗಿ ವೈಫೈ ಬಿಟ್ಟು ರೂಟರಿನಿಂದ ಲ್ಯಾನ್ ಕೇಬಲ್ ಎಳೆದರೆ ಆಗುವ ಉಪಕಾರ ದೊಡ್ಡ ಪ್ಯಾಕೇಜಿನಿಂದ ಆಗುವುದಿಲ್ಲ. ವಿಡಿಯೋದ ಲೆಕ್ಕ ಬೇರೆ: ಅದನ್ನು ಕಟ್ಟಿ ಕಳಿಸುವ, ಬಿಡಿಸಿ ತೋರಿಸುವ ಹೊರೆಯೆಲ್ಲ ಹಳೆಯ ಪ್ರೊಸೆಸರಿನ ಮೇಲೆ ಬೀಳುವುದರಿಂದ, ಚಿತ್ರ ತಡವರಿಸಿದರೆ ನಿಮ್ಮ ಕ್ಯಾಮೆರಾವನ್ನು ಆಫ್ ಮಾಡಿ ಮೊಮ್ಮಕ್ಕಳ ಚಿತ್ರವನ್ನಷ್ಟೇ ಇಟ್ಟುಕೊಳ್ಳಿ. ಇನ್ನೊಂದು ಸಂಗತಿ ನಮ್ಮ ಕರಾವಳಿಯದ್ದು. ಮೇಲೆ ಹೇಳಿದ ಕಾರ್ಕಳದ ಮನೆಯಲ್ಲಿ ಜುಲೈಯ ಒಂದು ಸಂಜೆ ನಾನೇ ಕುಳಿತು ನೋಡಿದ್ದೇನೆ: ಅಂಗಳದ ಮೇಲೆ ಹಾಸಿದ ತಗಡಿನ ಮಾಡಿಗೆ ಮಳೆ ಬಡಿಯುತ್ತಿತ್ತು, ಲ್ಯಾಪ್‌ಟಾಪಿನ ಮೈಕು ಅದನ್ನೂ ಮಾತನ್ನೂ ಒಟ್ಟಿಗೆ ಎತ್ತಿಕೊಳ್ಳುತ್ತಿತ್ತು, ಗದ್ದಲವನ್ನು ಅಳಿಸಲು ಹೊರಟ ಸಾಫ್ಟ್‌ವೇರ್ ಅಜ್ಜಿಯ ಧ್ವನಿಯನ್ನೂ ಮಳೆಯೆಂದು ತಿಳಿದು ಅಳಿಸುತ್ತಿತ್ತು. ಮೈಕು ಬಾಯಿಯ ಹತ್ತಿರ ಬರುವ ಹೆಡ್‌ಸೆಟ್ಟನ್ನು ಸಿಕ್ಕಿಸಿದ ತಕ್ಷಣ ಆ ಕಡೆಯಿಂದ ಮೊಮ್ಮಗಳು ‘ಅಜ್ಜಿ, ಈಗ ಕೇಳ್ತದೆ’ ಎಂದಳು. ಸ್ಪೀಕರಿನ ಸದ್ದು ಮೈಕಿಗೆ ಮರಳಿ ಹೋಗಿ ಪ್ರತಿಧ್ವನಿಸುವುದೂ ಇದರಿಂದ ನಿಲ್ಲುತ್ತದೆ.

ಇನ್ನು ಸ್ಥಿರವಾದ ಪರಿಹಾರ. ಅದೇ ಕಂಪ್ಯೂಟರಿಗೆ ವಿಂಡೋಸ್ 10 ಹಾಕಿ ಎಂದು ಕೆಲವರು ಹೇಳಿಯಾರು. ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 7ರ ಕೀಲಿಯಿಂದ ಉಚಿತವಾಗಿ ಮೇಲೇರುವ ದಾರಿಯನ್ನು ಮೈಕ್ರೋಸಾಫ್ಟ್ 2023ರಲ್ಲೇ ಮುಚ್ಚಿದೆ. ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ಚಿಪ್ ನಿಮ್ಮ 2010ರ ಯಂತ್ರದಲ್ಲಿ ಇಲ್ಲ. ನನ್ನ ಸಲಹೆ, ವಿಂಡೋಸ್‌ನ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆ, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಇದು ಉಚಿತ, ಇದರ 22ನೇ ಮಾಲಿಕೆಗೆ 2029ರವರೆಗೆ ತಿದ್ದುಪಡಿಗಳು ಬರುತ್ತವೆ, 2 ಜಿಬಿ ರ‍್ಯಾಮ್‌ನಲ್ಲೂ ತೆರೆಯುತ್ತದೆ. ಆದರೆ ವಿಡಿಯೋ ಕರೆಗೆ 4 ಜಿಬಿ ಮಾಡಿಸಿಕೊಳ್ಳಿ. ಪ್ರೊಸೆಸರ್ 64 ಬಿಟ್‌ನದಾಗಿರಬೇಕು, 2010ರ ಹೆಚ್ಚಿನ ಡೆಸ್ಕ್‌ಟಾಪುಗಳು ಹಾಗೇ ಇವೆ. ಇದರಲ್ಲಿ ಇಂದಿನ ಕ್ರೋಮ್, ಇಂದಿನ ಫೈರ್‌ಫಾಕ್ಸ್, ಲಿನಕ್ಸ್‌ಗೆಂದೇ ಇರುವ ಜೂಮ್ ಎಲ್ಲವೂ ನಡೆಯುತ್ತವೆ, ಟೀಮ್ಸ್ ಬ್ರೌಸರಿನಲ್ಲಿ ತೆರೆಯುತ್ತದೆ. ಅಂದರೆ ಯಂತ್ರ ಹಳೆಯದೇ, ಕರೆ ಮಾಡುವ ಭಾಗ ಮಾತ್ರ ಬೆಂಬಲ ಇರುವಂಥದ್ದು. ಹಾಕಿಸುವ ಮೊದಲು 8 ಜಿಬಿಯ ಪೆನ್‌ಡ್ರೈವಿನಿಂದಲೇ ಅದನ್ನು ತೆರೆದು ಕ್ಯಾಮೆರಾ, ಮೈಕು, ಪ್ರಿಂಟರ್ ನಡೆಯುತ್ತವೆಯೇ ಎಂದು ನೋಡಬಹುದು; ಒಳಗಿನ ಡಿಸ್ಕಿಗೆ ಏನೂ ಆಗುವುದಿಲ್ಲ. ರಿಪೇರಿಯ ಹುಡುಗನಿಂದ ಈ ಕೆಲಸವನ್ನು ಮಾಡಿಸಿ.

ಪ್ರಸಂಗಗಳ ವಿಷಯದಲ್ಲಿ ಅವಸರ ಸಲ್ಲದು. ಮೊದಲು ಎಲ್ಲ ಫೈಲುಗಳನ್ನೂ ಎರಡು ಪೆನ್‌ಡ್ರೈವುಗಳಿಗೆ ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಲಿನಕ್ಸನ್ನು ಹಳೆಯ ಹಾರ್ಡ್‌ಡಿಸ್ಕಿನ ಮೇಲೆ ಹಾಕಿಸಲೇಬೇಡಿ. ಒಂದು ಸಣ್ಣ ಎಸ್‌ಎಸ್‌ಡಿ ತಂದು, ಹಳೆಯ ಡಿಸ್ಕಿನ ಕೇಬಲನ್ನು ಬಿಡಿಸಿಟ್ಟು, ಹೊಸದರ ಮೇಲೆ ಹಾಕಿಸಿ, ಆಮೇಲೆ ಕೇಬಲನ್ನು ಮರಳಿ ಸಿಕ್ಕಿಸಿ. ವಿಂಡೋಸ್ 7 ಆ ಡಿಸ್ಕಿನಲ್ಲಿ ಇಂಟರ್‌ನೆಟ್ ಇಲ್ಲದೆ ಹಾಗೆಯೇ ಇರುತ್ತದೆ, ಯಜಮಾನರು ಬೇಕೆಂದಾಗ ತೆರೆದು ಬರೆಯಬಹುದು. ಹಳೆಯ ನುಡಿ ಅಕ್ಷರಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲದ ಕಾರಣ ಬೇರೆ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ, ನೋಡಿ ಗಾಬರಿಯಾಗುವುದು ಬೇಡ. ಫಾಂಟಿನ ಫೈಲನ್ನು ಲಿನಕ್ಸಿಗೂ ಪ್ರತಿ ಮಾಡಿದರೆ ಅಕ್ಷರ ಮೂಡುತ್ತದೆ. ಪರಿವರ್ತಕದಿಂದ ಒಂದೊಂದೇ ಪ್ರಸಂಗವನ್ನು ಯೂನಿಕೋಡಿಗೆ ತಂದರೆ ಇನ್ನೂ ಒಳ್ಳೆಯದು, ಮೊಮ್ಮಕ್ಕಳೂ ಓದಬಹುದು. ಒತ್ತಕ್ಷರ, ಅರ್ಕಾವೊತ್ತುಗಳನ್ನು ಪರಿವರ್ತನೆಯ ನಂತರ ಕಣ್ಣಿಟ್ಟು ನೋಡಿ. ಯಜಮಾನರ ಬೆರಳುಗಳಿಗೆ ಅಭ್ಯಾಸವಾಗಿರುವ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ, ಕೆಜಿಪಿ (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಿನಲ್ಲಿ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು ಅದು. ನಮ್ಮ ಊರಿನವರೊಬ್ಬರ ಕೆಲಸ ಯಾವ ಕಾರ್ಯಾಚರಣ ವ್ಯವಸ್ಥೆಗೆ ಹೋದರೂ ಕೈಬಿಡದೆ ಜೊತೆಗೆ ಬರುವುದನ್ನು ಕಂಡಾಗ ನನಗೆ ಸಂತೋಷವಾಗುತ್ತದೆ.

ಕೊನೆಯದಾಗಿ, ನಿಮ್ಮ ಕಡೆ ಮಳೆಗಾಲದ ಮುಂಚೆ ಮತ್ತು ನಂತರ ಬರುವ ಸಿಡಿಲು. ಗುಡುಗು ದೂರದಲ್ಲಿ ಕೇಳಿದ ಕೂಡಲೇ ಕರೆಂಟಿನ ಪ್ಲಗ್ಗಿನ ಜೊತೆ ಲ್ಯಾನ್ ಕೇಬಲನ್ನೂ, ಟೆಲಿಫೋನ್ ತಂತಿಯ ಸಂಪರ್ಕವಾದರೆ ಅದನ್ನೂ ಕಿತ್ತಿಡಿ. ಪ್ಲಗ್ ತೆಗೆದಿಟ್ಟು ತಂತಿಯನ್ನು ಮರೆತ ಮನೆಗಳಲ್ಲೇ ಮದರ್‌ಬೋರ್ಡ್ ಸುಟ್ಟಿರುವುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಮಂಗಳೂರಿನಲ್ಲಿ ಶಾಸ್ತ್ರೀಯ ಸಂಗೀತ ಕಲಿಸುತ್ತೇನೆ. ವಿದೇಶದ ಮಕ್ಕಳಿಗೆ ಜೂಮ್‌ನಲ್ಲಿ ಪಾಠ. ನನ್ನದು ವಿಂಡೋಸ್ 10ರ ಲ್ಯಾಪ್‌ಟಾಪ್, ವಿಂಡೋಸ್ 11ಕ್ಕೆ ಅರ್ಹವಲ್ಲ ಎಂದು ತೋರಿಸುತ್ತದೆ. ಪಾಠ ನಿಂತುಹೋಗುವುದೇ? ಹೇಗಾದರೂ 11 ಹಾಕಿಸಲೇ?

ಉತ್ತರ: ಬೆಂಬಲ ಮುಗಿದ ಮಾತ್ರಕ್ಕೆ ಕರೆಗಳು ನಿಲ್ಲುವುದಿಲ್ಲ. ಮನೆ ಬಳಕೆಯ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ತಿದ್ದುಪಡಿಗಳ ಒಂದು ವಿಸ್ತರಣೆಯನ್ನು ಇಟ್ಟಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದು ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದವರಿಗೆ ದುಡ್ಡಿಲ್ಲ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ಅದಕ್ಕೆ ಸೇರಿಕೊಳ್ಳಿ. ಎಡ್ಜ್ ಬ್ರೌಸರಿಗೆ ವಿಂಡೋಸ್ 10ರ ಕೊನೆಯ ಆವೃತ್ತಿಯಲ್ಲಿ ಕನಿಷ್ಠ 2028ರ ಅಕ್ಟೋಬರ್‌ವರೆಗೆ ತಿದ್ದುಪಡಿ ಕೊಡುವುದಾಗಿಯೂ ಕಂಪನಿ ಹೇಳಿದೆ. ಅಷ್ಟರೊಳಗೆ ಹೊಸ ಲ್ಯಾಪ್‌ಟಾಪಿಗೆ ಸ್ವಲ್ಪ ಸ್ವಲ್ಪ ಎತ್ತಿಡಬಹುದು, ಇಲ್ಲವೇ ಮೇಲೆ ಹೇಳಿದ ಲಿನಕ್ಸನ್ನು ಪೆನ್‌ಡ್ರೈವಿನಲ್ಲಿ ಪರೀಕ್ಷಿಸಬಹುದು. ಅರ್ಹತೆಯ ಪರೀಕ್ಷೆಯನ್ನು ತಪ್ಪಿಸಿ 11 ಹಾಕುವ ಉಪಾಯಗಳಿವೆ ನಿಜ. ಆದರೆ ಅಂಥ ಯಂತ್ರಗಳಿಗೆ ಮುಂದೆ ತಿದ್ದುಪಡಿಗಳ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ. ಹೊಟ್ಟೆಪಾಡಿನ ಪಾಠವನ್ನು ಅದರ ಮೇಲೆ ನಿಲ್ಲಿಸುವುದು ಬೇಡ.

ನೀವು ಕೇಳದ ಒಂದು ಮಾತನ್ನು ಸೇರಿಸುತ್ತೇನೆ, ಏಕೆಂದರೆ ಇದು ಗೊತ್ತಿಲ್ಲದೆ ಕಂಪ್ಯೂಟರ್ ಬದಲಾಯಿಸಿದವರಿದ್ದಾರೆ. ಜೂಮ್ ಒಂದೇ ಸಮನೆ ಕೇಳುವ ಸದ್ದನ್ನು ಫ್ಯಾನಿನ ಗದ್ದಲವೆಂದು ತಿಳಿದು ಅಳಿಸುತ್ತದೆ, ಆದ್ದರಿಂದ ಶ್ರುತಿಪೆಟ್ಟಿಗೆಯ ನಾದ ಮತ್ತು ಎಳೆದ ಕಾರ್ವೆಗಳು ಆ ಕಡೆ ನಡುನಡುವೆ ಮಾಯವಾಗುತ್ತವೆ. ಧ್ವನಿಯ ಸೆಟ್ಟಿಂಗ್‌ನಲ್ಲಿ ಸಂಗೀತಗಾರರಿಗೆಂದೇ ಇರುವ ಮೂಲ ಧ್ವನಿಯ ಆಯ್ಕೆಯನ್ನು ಹಾಕಿಕೊಂಡು, ಇಬ್ಬರೂ ಹೆಡ್‌ಫೋನ್ ಬಳಸಿ.

ಪ್ರಶ್ನೆ: ಮಲ್ಪೆಯಲ್ಲಿ ಬೋಟಿನಲ್ಲಿ ದುಡಿಯುತ್ತೇನೆ. ನನ್ನ ಹಳೆಯ ಆಂಡ್ರಾಯ್ಡ್ 4.4ರ ಫೋನಿನಲ್ಲಿ ವಾಟ್ಸ್‌ಆ್ಯಪ್ ನಿಂತಿದೆ. ಗೆಳೆಯರೊಬ್ಬರು ಬೇರೆ ಬಗೆಯ ವಾಟ್ಸ್‌ಆ್ಯಪ್‌ನ ಫೈಲ್ ಕಳಿಸಿದ್ದಾರೆ. ಹಾಕಿಕೊಳ್ಳಬಹುದೇ?

ಉತ್ತರ: ಬೇಡ. ವಾಟ್ಸ್‌ಆ್ಯಪ್ 2023ರ ಅಕ್ಟೋಬರ್ 24ರಿಂದ ಆಂಡ್ರಾಯ್ಡ್ 5.0ಕ್ಕಿಂತ ಹಿಂದಿನ ಫೋನುಗಳನ್ನು ಕೈಬಿಟ್ಟಿದೆ. ಯಾರೋ ತಿದ್ದಿ ಮಾಡಿದ ವಾಟ್ಸ್‌ಆ್ಯಪ್ ಹಾಕಿಕೊಂಡರೆ ನಿಮ್ಮ ಸಂದೇಶಗಳೆಲ್ಲ ಯಾರ ಕೈ ದಾಟಿ ಹೋಗುತ್ತವೆ ಎನ್ನಲಾಗದು, ಮತ್ತು ಕಂಪನಿ ಅಂಥ ಖಾತೆಗಳನ್ನು ನಿಷೇಧಿಸುತ್ತದೆ. ನಿಷೇಧವಾಗುವುದು ಫೋನಿಗಲ್ಲ, ನಿಮ್ಮ ನಂಬರಿಗೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಇದೆಯೇ ಎಂದು ಒಮ್ಮೆ ನೋಡಿ. ಇಲ್ಲವಾದರೆ ಹೊಸ ಆಂಡ್ರಾಯ್ಡ್ ಇರುವ ಸೆಕೆಂಡ್ ಹ್ಯಾಂಡ್ ಫೋನನ್ನು ಬಿಲ್ಲಿನೊಂದಿಗೆ ಕೊಳ್ಳಿ, ಸೆಟ್ಟಿಂಗ್ಸ್‌ನಲ್ಲಿ ‘ಸುರಕ್ಷತಾ ಅಪ್‌ಡೇಟ್’ ಎಂಬಲ್ಲಿರುವ ತಾರೀಕನ್ನು ಅಂಗಡಿಯಲ್ಲೇ ತೆರೆದು ನೋಡಿ, ಅದು ಎರಡು ವರ್ಷಕ್ಕಿಂತ ಹಿಂದಿನದಾಗಿದ್ದರೆ ಬೇರೆಯದನ್ನು ಕೇಳಿ. ಗೆಳೆಯರು ಕಳಿಸಿದ ಫೈಲನ್ನು ಈಗಾಗಲೇ ಹಾಕಿಕೊಂಡು ಬ್ಯಾಂಕಿನಿಂದ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿ.